ಜಪಾನಿ ಲಿಪಿ ಎಲ್ಲಿಂದ ಶುರು ಮಾಡಲಿ? ಕನ್ನಡದಲ್ಲಿ ಉಚ್ಚಾರ ಬರೆದುಕೊಂಡರೆ ತಪ್ಪಾ?

ತುಂಗೆ ತೀರದವಳು:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಬಿ.ಎಸ್ಸಿ ನರ್ಸಿಂಗ್ ಆಗಿದೆ. ಜಪಾನಿನಲ್ಲಿ ವಯಸ್ಸಾದವರ ಆರೈಕೆ ಕೆಲಸಕ್ಕೆ ಹೋಗಬೇಕು ಅಂತ ತಯಾರಿ ಮಾಡುತ್ತಿದ್ದೇನೆ. ಅದಕ್ಕೆ ಜಪಾನಿ ಭಾಷೆಯ ಪರೀಕ್ಷೆಗಳಾದ ಜೆಎಲ್‌ಪಿಟಿ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಪಾಸಾಗಬೇಕು, ಜೊತೆಗೆ ಆರೈಕೆ ಕೆಲಸದ ಜಪಾನಿ ಭಾಷೆಯ ಪರೀಕ್ಷೆ ಬೇರೆ.

ನಾನು ಸೇರಿರುವ ಆನ್‌ಲೈನ್ ಕ್ಲಾಸಿನಲ್ಲಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಸುತ್ತಾರೆ. ಸಣ್ಣಪುಟ್ಟ ಮಾತು ಬರುತ್ತಿದೆ. ಆದರೆ ಜಪಾನಿಯಲ್ಲಿ ಒಂದು ಸಾಲು ಮುಂದಿಟ್ಟರೆ ಓದಲು ಬರುವುದಿಲ್ಲ. ಹಿರಗಾನಾ, ಕಟಕಾನಾ, ಕಾಂಜಿ ಅಂತ ಮೂರು ಇವೆಯಲ್ಲ, ಮೂರನ್ನೂ ಕಲಿಯಲೇಬೇಕಾ? ಯಾವುದು ಮೊದಲು? ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಳ್ಳೋಣ ಅಂದುಕೊಂಡರೆ ಕ್ಲಾಸಿನಲ್ಲಿ ಬೇಡ ಅಂದರು. ಗೊತ್ತಿರುವವರು ದಯವಿಟ್ಟು ಹೇಳಿ.

ಬಸವನಗುಡಿ ಟೀಚರ್:

ಮೂರೂ ಬೇಕಮ್ಮ. ಆದರೆ ಹೆದರಬೇಡಿ, ಮೂರಕ್ಕೂ ಒಂದೇ ಭಾರ ಇಲ್ಲ. ನಾನು ಬೆಂಗಳೂರಿನಲ್ಲಿ ಜಪಾನಿ ಕಲಿಸುತ್ತೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಅಕ್ಷರಗಳ ಚಾರ್ಟ್ ಒಂದನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಈ ವಾಕ್ಯ ನೋಡಿ: 'ವತಶಿ ವ ಬೆಂಗರೂರು ನೊ ಬ್ಯೋಇನ್ ದೆ ಹತರಕು'. ನಾನು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ ಅಂತ ಅರ್ಥ. ಇದೊಂದೇ ವಾಕ್ಯದಲ್ಲಿ ಮೂರು ಲಿಪಿಗಳೂ ಬರುತ್ತವೆ. 'ವತಶಿ' (ನಾನು), 'ಬ್ಯೋಇನ್' (ಆಸ್ಪತ್ರೆ) ಮತ್ತು 'ಹತರಕು' ಕ್ರಿಯಾಪದದ ಮೊದಲ ಭಾಗ ಕಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಅಕ್ಷರಗಳಲ್ಲಿ. 'ಬೆಂಗರೂರು' ಹೊರಗಿನ ಊರಿನ ಹೆಸರು, ಹಾಗಾಗಿ ಕತಕನದಲ್ಲಿ. 'ವ', 'ನೊ', 'ದೆ' ಮತ್ತು ಕೊನೆಯ 'ಕು' ಹಿರಗನದಲ್ಲಿ. 'ನೊ' ನಮ್ಮ 'ಇನ' ಇದ್ದ ಹಾಗೆ, 'ದೆ' ನಮ್ಮ 'ಅಲ್ಲಿ' ಇದ್ದ ಹಾಗೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಹೆಸರಿನ ಹಿಂದೆಯೇ ಬಂದು ಕೂರುತ್ತದಲ್ವಾ, ಅಲ್ಲೂ ಹಾಗೇ. ಕ್ರಿಯಾಪದವೂ ನಮ್ಮಂತೆ ಕೊನೆಗೇ ಬರುತ್ತದೆ. ಈ ಪ್ರತ್ಯಯಗಳನ್ನೂ ಕ್ರಿಯಾಪದದ ಬದಲಾಗುವ ಬಾಲವನ್ನೂ ಬರೆಯುವುದೇ ಹಿರಗನದ ದೊಡ್ಡ ಕೆಲಸ. ಹಿರಗನ ಬಂದರೆ ವಾಕ್ಯದ ಕೀಲುಗಳೆಲ್ಲ ಕಣ್ಣಿಗೆ ಕಾಣಿಸುತ್ತವೆ. ಅದಕ್ಕೇ ಅದು ಮೊದಲು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕನ್ನಡದಲ್ಲಿ ಬರೆದುಕೊಳ್ಳುವುದು ತಪ್ಪಲ್ಲ. ಶುರುವಿನ ಕೆಲವು ವಾರ ರೋಮನ್‌ಗಿಂತ ಕನ್ನಡವೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಪಾನಿಯಲ್ಲಿ ಐದು ಸ್ವರ: ಅ, ಇ, ಉ, ಎ, ಒ. ಹ್ರಸ್ವ ಎ, ಹ್ರಸ್ವ ಒ ನಮ್ಮ ವರ್ಣಮಾಲೆಯಲ್ಲೇ ಇವೆ, ಅವುಗಳ ದೀರ್ಘವೂ ಇದೆ. ಇಂಗ್ಲಿಷಿನ ಓ ಅಕ್ಷರ ನೋಡಿದರೆ ಒ ಎಂದು ಓದಬೇಕೋ ಓ ಎಂದು ಓದಬೇಕೋ ತಿಳಿಯುವುದಿಲ್ಲ. ಟಿ ನೋಡಿದ ಕೂಡಲೇ ನಾವು 'ಟ' ಅನ್ನುತ್ತೇವೆ. ಆದರೆ ಜಪಾನಿಯದು ಹಲ್ಲಿಗೆ ನಾಲಿಗೆ ತಾಗಿಸುವ 'ತ'. ಡಿ ನೋಡಿದರೆ 'ಡ' ಅನ್ನುತ್ತೇವೆ, ಅಲ್ಲಿರುವುದು 'ದ'. ನಾವು ಟೊಯೋಟಾ, ಹೋಂಡಾ ಅನ್ನುವುದನ್ನು ಅವರು ತೊಯೊತ, ಹೊಂದ ಅನ್ನುತ್ತಾರೆ. ಕಟಕಾನಾ ಅಲ್ಲ, ಕತಕನ. ಕಾಂಜಿ ಅಲ್ಲ, ಕಂಜಿ. ಇಂಗ್ಲಿಷ್ ಅಕ್ಷರ ದಾಟಿ ಬಂದದ್ದರಿಂದ ನಮ್ಮ ಬಾಯಲ್ಲಿ ಇವೆಲ್ಲ ಎಳೆದು ಗಟ್ಟಿಯಾಗಿವೆ.

ಒಂದೇ ಎಚ್ಚರಿಕೆ. ಕನ್ನಡವನ್ನು ಅಕ್ಷರದ ಕೆಳಗೆ ಬರೆದು ಅಲ್ಲೇ ಬಿಡಬೇಡಿ. ಹಾಗೆ ಬಿಟ್ಟರೆ ಕಣ್ಣು ಕನ್ನಡವನ್ನೇ ಓದುತ್ತದೆ, ಜಪಾನಿ ಅಕ್ಷರದ ಕಡೆ ಹೋಗುವುದೇ ಇಲ್ಲ. ಪುಟದ ಹಿಂಬದಿಗೆ ಬರೆಯಿರಿ.

ಊರು ಬಿಟ್ಟವ:

ಇಷ್ಟೆಲ್ಲ ಬೇಕಾ? ನನ್ನ ಗೆಳೆಯ ತೋಕ್ಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಓದಲು ಬರೆಯಲು ಬರುವುದಿಲ್ಲ, ಆರಾಮಾಗಿದ್ದಾನೆ. ರೈಲು ನಿಲ್ದಾಣದಲ್ಲೆಲ್ಲ ಇಂಗ್ಲಿಷ್ ಬೋರ್ಡ್ ಇದೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಅನುವಾದ ಬರುತ್ತದೆ. ಮಾತು ಕಲಿತರೆ ಸಾಕು ಅಂತ ನನಗನ್ನಿಸುತ್ತದೆ.

ಸಪ್ಪೊರೊ ಸಿಸ್ಟರ್:

ಅಣ್ಣ, ಆಫೀಸಿನಲ್ಲಿ ಇಂಗ್ಲಿಷ್ ನಡೆಯುವ ಕಡೆ ನಿಮ್ಮ ಮಾತು ನಿಜ ಇರಬಹುದು. ಆರೈಕೆ ಕೆಲಸದಲ್ಲಿ ನಡೆಯುವುದಿಲ್ಲ. ನಾನು ಅದೇ ಕೆಲಸದಲ್ಲಿ ಇಲ್ಲಿದ್ದೇನೆ. ಬೆಳಗ್ಗೆ ಹೋದ ಕೂಡಲೇ ರಾತ್ರಿ ಪಾಳಿಯವರು ಬರೆದಿಟ್ಟದ್ದನ್ನು ಓದಬೇಕು. ಯಾರಿಗೆ ಜ್ವರ ಬಂತು, ಯಾರು ಊಟ ಬಿಟ್ಟರು, ಯಾರಿಗೆ ಇವತ್ತು ಸ್ನಾನ ಬೇಡ ಎಂದೆಲ್ಲ ಅದರಲ್ಲಿ ಇರುತ್ತದೆ. ಹಾಸಿಗೆಯ ಪಕ್ಕದಲ್ಲಿ ಅಜ್ಜಿಯ ಹೆಸರು ಬರೆದಿರುತ್ತದೆ, ಔಷಧಿಯ ಪೊಟ್ಟಣದ ಮೇಲೂ ಹೆಸರು ಇರುತ್ತದೆ. ಎರಡನ್ನೂ ಹೋಲಿಸಿ ನೋಡದೆ ಕೊಡುವ ಹಾಗಿಲ್ಲ. ಪ್ರತಿಸಲ ಕ್ಯಾಮೆರಾ ಹಿಡಿಯಲು ಆಗುವುದಿಲ್ಲ, ಎಷ್ಟೋ ಕಡೆ ಕೆಲಸದ ಜಾಗದಲ್ಲಿ ಫೋನು ತೆಗೆಯಲೂ ಬಿಡುವುದಿಲ್ಲ.

ತಂಗೀ ತುಂಗೆ ತೀರದವಳೇ, ದೀರ್ಘ ಮತ್ತು ಚಿಕ್ಕ ಅಕ್ಷರಗಳ ಮೇಲೆ ಮೊದಲ ದಿನದಿಂದಲೇ ಗಮನ ಇಡು. 'ಒಬಸನ್' ಅಂದರೆ ಚಿಕ್ಕಮ್ಮ, ಅತ್ತೆ. 'ಒಬಾಸನ್' ಅಂದರೆ ಅಜ್ಜಿ. ರೋಮನ್‌ನಲ್ಲಿ ದೀರ್ಘದ ಗೆರೆ ಬಿಟ್ಟು ಬರೆದರೆ ಎರಡೂ ಒಂದೇ ಆಗಿ ಕಾಣುತ್ತವೆ. ಹಿರಗನದಲ್ಲಿ ಅಜ್ಜಿಗೆ 'ಅ' ಅಕ್ಷರ ಒಂದು ಜಾಸ್ತಿ ಇರುತ್ತದೆ, ಕಣ್ಣಿಗೇ ಕಾಣುತ್ತದೆ. ಹಾಗೇ 'ಬ್ಯೋಇನ್' ಆಸ್ಪತ್ರೆ, 'ಬಿಯೋಇನ್' ಬ್ಯೂಟಿ ಪಾರ್ಲರ್. ಎರಡಕ್ಕೂ ಅವೇ ಅಕ್ಷರ. ಆಸ್ಪತ್ರೆಯಲ್ಲಿ 'ಯೊ' ಚಿಕ್ಕದು, ಪಾರ್ಲರಿನಲ್ಲಿ ದೊಡ್ಡದು.

ತುಂಗೆ ತೀರದವಳು:

ಅಕ್ಕ, ಅದೇ ಕೆಲಸದಲ್ಲಿರುವವರು ಸಿಕ್ಕಿದ್ದು ತುಂಬಾ ಖುಷಿ. ಈ ಚಿಕ್ಕ ಅಕ್ಷರ, ಎರಡು ಗೀಟು, ಸೊನ್ನೆ ಇವೆಲ್ಲ ಏನು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ? ಚಾರ್ಟಿನಲ್ಲಿ 46 ಅಕ್ಷರ ಇದೆ, ಆದರೆ ಓದುವಾಗ ಅದಕ್ಕಿಂತ ಜಾಸ್ತಿ ಕಾಣುತ್ತಿವೆ.

ಬಸವನಗುಡಿ ಟೀಚರ್:

ಹಿರಗನದಲ್ಲಿ 46, ಕತಕನದಲ್ಲೂ ಅವೇ ಉಚ್ಚಾರಕ್ಕೆ ಬೇರೆ ಆಕಾರದ 46. ಇದು ತಳಪಾಯ. ಅ ಇ ಉ ಎ ಒ ಒಂದು ಸಾಲು. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು. ಯ ಸಾಲಿನಲ್ಲಿ ಮೂರೇ: ಯ, ಯು, ಯೊ. ವ ಸಾಲಿನಲ್ಲಿ ಈಗ ಬಳಕೆಯಲ್ಲಿರುವುದು ಎರಡು. ಕೊನೆಗೆ ಒಂಟಿ 'ನ್'. ಕೆಲವು ಕಡೆ ಉಚ್ಚಾರ ಸಾಲಿನಿಂದ ಜಾರುತ್ತದೆ. 'ಸಿ' ಇಲ್ಲ, 'ಶಿ' ಇದೆ. 'ತಿ', 'ತು' ಜಾಗದಲ್ಲಿ 'ಚಿ', 'ತ್ಸು'. 'ಹು' ಜಾಗದಲ್ಲಿ ತುಟಿಯಿಂದ ಗಾಳಿ ಊದುವ 'ಫ಼ು'.

ಒಂದು ವಿಷಯ ಶುರುವಿನಲ್ಲೇ ಒಪ್ಪಿಕೊಳ್ಳಬೇಕು. ಇಲ್ಲಿ ಕಾಗುಣಿತ ಇಲ್ಲ. ನಮ್ಮಲ್ಲಿ ಕ ಗೊತ್ತಿದ್ದರೆ ಗುಡಿಸು, ಕೊಂಬು, ಏತ್ವ ಹಾಕಿ ಕಿ, ಕು, ಕೆ ಮಾಡುತ್ತೇವೆ. ಜಪಾನಿಯ ಕ, ಕಿ, ಕು, ಕೆ, ಕೊ ಐದಕ್ಕೂ ಆಕಾರದಲ್ಲಿ ಏನೇನೂ ಸಂಬಂಧ ಇಲ್ಲ. ಪ್ರತಿಯೊಂದನ್ನೂ ಬಿಡಿಯಾಗಿಯೇ ಕಲಿಯಬೇಕು.

ಎರಡು ಗೀಟಿಗೆ ದಕುತೆನ್ ಅನ್ನುತ್ತಾರೆ. ಅಕ್ಷರದ ಬಲ ಮೇಲ್ತುದಿಯಲ್ಲಿ ಹಾಕಿದರೆ ಕ ಇದ್ದದ್ದು ಗ ಆಗುತ್ತದೆ, ತ ಇದ್ದದ್ದು ದ ಆಗುತ್ತದೆ, ಸ ಇದ್ದದ್ದು ಜ಼ ಆಗುತ್ತದೆ, ಹ ಇದ್ದದ್ದು ಬ ಆಗುತ್ತದೆ. ಸಣ್ಣ ಸೊನ್ನೆ ಹಾಕುವುದು ಹ ಸಾಲಿಗೆ ಮಾತ್ರ, ಆಗ ಅದು ಪ. ಚಿಕ್ಕ ಯ, ಯು, ಯೊ ನಮ್ಮ ಯ ಒತ್ತಿನ ಕೆಲಸ ಮಾಡುತ್ತವೆ. 'ಕಿ'ಯ ಪಕ್ಕ ಚಿಕ್ಕ 'ಯ' ಬರೆದರೆ 'ಕ್ಯ'. ಚಿಕ್ಕ 'ತ್ಸು' ಬಂದರೆ ಅದನ್ನು ಉಚ್ಚರಿಸುವುದಿಲ್ಲ, ಮುಂದಿನ ವ್ಯಂಜನ ಇಮ್ಮಡಿ ಆಗುತ್ತದೆ. 'ಕಿತೆ' ಅಂದರೆ ಬಾ, 'ಕಿತ್ತೆ' ಅಂದರೆ ಅಂಚೆಚೀಟಿ. ಹತ್ತಿ ಮತ್ತು ಹತಿ ಬೇರೆ ಬೇರೆ ಕೇಳಿಸುವ ಕಿವಿ ನಮಗೆ ಹುಟ್ಟಿನಿಂದಲೇ ಇದೆ. ಇಂಗ್ಲಿಷ್ ಮನೆಮಾತಿನವರು ಇದಕ್ಕೇ ತುಂಬಾ ದಿನ ಕಷ್ಟಪಡುತ್ತಾರೆ.

ಆ ಒಂಟಿ 'ನ್' ಕೂಡ ನಮ್ಮ ಅನುಸ್ವಾರದ ಥರವೇ ನಡೆಯುತ್ತದೆ. ಅಂಗಡಿ, ಅಂದ, ಅಂಬಲಿ ಮೂರರಲ್ಲೂ ಬರೆಯುವುದು ಒಂದೇ ಸೊನ್ನೆ, ಬಾಯಲ್ಲಿ ಬರುವ ದನಿ ಬೇರೆ ಬೇರೆ. ಅಲ್ಲೂ 'ರಿಂಗೊ' (ಸೇಬು), 'ಹೊಂತೋ' (ನಿಜ), 'ಶಿಂಬುನ್' (ಪತ್ರಿಕೆ) ಮೂರಕ್ಕೂ ಒಂದೇ ಅಕ್ಷರ. ಸುಮ್ನೆ ಕನ್ನಡ ಓದಿದ ಹಾಗೆ ಓದಿ, ಸರಿಯಾಗಿ ಬರುತ್ತದೆ.

ಹಿರಗನದಲ್ಲಿ ದೀರ್ಘಕ್ಕೆ ಇನ್ನೊಂದು ಸ್ವರ ಸೇರಿಸುತ್ತಾರೆ. ತೋಕ್ಯೋ ಬರೆಯುವಾಗ ತೊ, ಉ, ಕಿ, ಚಿಕ್ಕ ಯೊ, ಉ. ಅಂದರೆ 'ಒ' ಆದಮೇಲೆ 'ಉ' ಬಂದರೆ ಸಾಮಾನ್ಯವಾಗಿ 'ಓ' ಅಂತಲೇ ಓದು. ಕತಕನದಲ್ಲಿ ಇಷ್ಟು ಕಷ್ಟ ಇಲ್ಲ, ಒಂದು ಉದ್ದ ಗೆರೆ ಎಳೆದರೆ ದೀರ್ಘ.

ಕೊನೆಗೆ ಮೂರು ಹಳೆಯ ರೂಢಿ. ವಾಕ್ಯದ ಕರ್ತೃವಿನ ಹಿಂದೆ ಬರುವ 'ವ'ವನ್ನು 'ಹ' ಅಕ್ಷರದಲ್ಲಿ ಬರೆಯುತ್ತಾರೆ. 'ಕಡೆಗೆ' ಅನ್ನುವ 'ಎ'ಯನ್ನು 'ಹೆ' ಅಕ್ಷರದಲ್ಲಿ. 'ಅನ್ನು' ಪ್ರತ್ಯಯದ 'ಒ'ವನ್ನು ವ ಸಾಲಿನ ಎರಡನೇ ಅಕ್ಷರದಲ್ಲಿ. 1946ರಲ್ಲಿ ಸರ್ಕಾರ ಕನ (ಹಿರಗನ, ಕತಕನ ಎರಡೂ) ಬರಹವನ್ನು ಮಾತಿಗೆ ಹತ್ತಿರ ತಂದಿತು. ಆಗಲೂ ಈ ಮೂರನ್ನು ಹಾಗೇ ಉಳಿಸಿಕೊಂಡರು.

ಹಳೆಗನ್ನಡ ಓದುಗ:

ಟೀಚರ್ ಹೇಳಿದ ಸಾಲುಗಳ ಕ್ರಮವನ್ನು ಇನ್ನೊಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಅ, ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಸ್ವರ ಮೊದಲು, ಆಮೇಲೆ ಕ ವರ್ಗ, ಚ ವರ್ಗ, ತ ವರ್ಗ, ಪ ವರ್ಗ, ಕೊನೆಗೆ ಯ ರ ವ. ಇದು ನಮ್ಮ ವರ್ಣಮಾಲೆಯ ಕ್ರಮವೇ.

ಇದು ಆಕಸ್ಮಿಕ ಅಲ್ಲ. ಭಾರತದ ಬೌದ್ಧ ವಿದ್ಯೆ ಚೀನಾದ ಮೂಲಕ ಜಪಾನಿಗೆ ಹೋಯಿತು. ಮಂತ್ರಗಳನ್ನು ಸರಿಯಾಗಿ ಉಚ್ಚರಿಸಲು ಅಲ್ಲಿನ ಭಿಕ್ಷುಗಳು ಸಂಸ್ಕೃತದ ಧ್ವನಿಶಾಸ್ತ್ರವನ್ನೂ ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯನ್ನೂ ಕಲಿತರು. 752ರಲ್ಲಿ ನಾರಾದ ತೋದೈಜಿ ಗುಡಿಯ ಮಹಾಬುದ್ಧನ ಕಣ್ಣು ತೆರೆಸುವ ವಿಧಿ ನಡೆಸಿದವರು ಭಾರತದಿಂದ ಹೋಗಿದ್ದ ಬೋಧಿಸೇನ. 804ರಲ್ಲಿ ಚೀನಾಕ್ಕೆ ಹೋದ ಜಪಾನಿ ಭಿಕ್ಷು ಕೂಕೈ 806ರಲ್ಲಿ ಮರಳಿ ಬರುವಾಗ ಸಿದ್ಧಂ ವಿದ್ಯೆಯನ್ನೂ ತಂದರು. ಆ ಲಿಪಿ ಇವತ್ತಿಗೂ ಅಲ್ಲಿನ ಗುಡಿಗಳಲ್ಲಿ, ಸಮಾಧಿಯ ಪಕ್ಕ ನಿಲ್ಲಿಸುವ ಮರದ ಹಲಗೆಗಳ ಮೇಲೆ ಕಾಣುತ್ತದೆ. ಕನ ಅಕ್ಷರಗಳನ್ನು ಕೂಕೈಯವರೇ ಸೃಷ್ಟಿಸಿದರು ಅನ್ನುವ ಐತಿಹ್ಯ ಇದೆ, ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಆದರೆ ಅಕ್ಷರಗಳನ್ನು ಈ ಕ್ರಮದಲ್ಲಿ ಜೋಡಿಸಿದ್ದರ ಹಿಂದೆ ಆ ಭಿಕ್ಷುಗಳ ಸಂಸ್ಕೃತ ಅಭ್ಯಾಸ ಇದೆ ಅನ್ನುವುದು ಒಪ್ಪಿತ ಮಾತು.

ಹಾಗಾದರೆ ಪ ಇರಬೇಕಾದ ಜಾಗದಲ್ಲಿ ಹ ಯಾಕೆ ಕೂತಿದೆ? ಹಳೆಯ ಜಪಾನಿಯಲ್ಲಿ ಅದು ಪ ಆಗಿತ್ತು, ಕಾಲ ಕಳೆದಂತೆ ಫ಼ ಆಗಿ, ಆಮೇಲೆ ಹ ಆಯಿತು. ಇದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ! ಹಳೆಗನ್ನಡದ ಪಾಲ್ ನಮ್ಮ ಹಾಲು, ಪಾವು ನಮ್ಮ ಹಾವು, ಪೊಸತು ನಮ್ಮ ಹೊಸತು. ಅದೇ ದಾರಿಯಲ್ಲಿ ಎರಡು ಭಾಷೆಗಳು ಬೇರೆ ಬೇರೆಯಾಗಿ ನಡೆದಿವೆ. ಹ ಅಕ್ಷರಕ್ಕೆ ಗೀಟು ಹಾಕಿದರೆ ಬ, ಸೊನ್ನೆ ಹಾಕಿದರೆ ಪ ಯಾಕೆ ಆಗುತ್ತದೆ ಅನ್ನುವುದಕ್ಕೂ ಇದೇ ಉತ್ತರ. ಸ ಸಾಲು ಚ ವರ್ಗದ ಜಾಗದಲ್ಲಿರುವುದೂ ಹೀಗೇ, ಅದರ ಹಳೆಯ ಉಚ್ಚಾರ ಚ, ತ್ಸಗಳಿಗೆ ಹತ್ತಿರ ಇತ್ತು ಎಂದು ಭಾಷಾತಜ್ಞರು ಹೇಳುತ್ತಾರೆ.

ಮೂರು ಲಿಪಿ ಯಾಕೆ ಬಂದವು ಅನ್ನುವುದನ್ನೂ ಹೇಳುತ್ತೇನೆ. ಜಪಾನಿಗೆ ಸ್ವಂತ ಲಿಪಿ ಇರಲಿಲ್ಲ, ಚೀನೀ ಅಕ್ಷರಗಳು ಬಂದವು. ಚೀನೀ ಭಾಷೆಯ ಪದಗಳಿಗೆ ಬಾಲ ಹತ್ತುವುದಿಲ್ಲ, ಜಪಾನಿಗೆ ನಮ್ಮ ಹಾಗೆ ಪ್ರತ್ಯಯಗಳ ಸಾಲು. ಅದನ್ನು ಬರೆಯಲು ಚೀನೀ ಅಕ್ಷರಗಳನ್ನೇ ಅರ್ಥ ಬಿಟ್ಟು ಬರೀ ಉಚ್ಚಾರಕ್ಕಾಗಿ ಬಳಸಲು ಶುರು ಮಾಡಿದರು. ಬೇಗ ಬೇಗ ಬರೆದು ಬರೆದು ಅವು ಮೈ ಬಳುಕಿಸಿ ಹಿರಗನ ಆದವು. ಆಸ್ಥಾನದ ಹೆಂಗಸರು ಅದನ್ನು ಹೆಚ್ಚಾಗಿ ಬಳಸಿದ್ದರಿಂದ ಅದಕ್ಕೆ 'ಹೆಣ್ಣಿನ ಕೈ' ಎಂಬ ಹೆಸರೂ ಇತ್ತು. ಭಿಕ್ಷುಗಳು ಗ್ರಂಥದ ಸಾಲುಗಳ ಸಂದಿಯಲ್ಲಿ ಟಿಪ್ಪಣಿ ಬರೆಯಲು ಅಕ್ಷರದ ಒಂದು ತುಂಡನ್ನಷ್ಟೇ ಕತ್ತರಿಸಿಕೊಂಡರು, ಅದು ಕತಕನ. ಅದಕ್ಕೇ ಒಂದು ದುಂಡಗೆ, ಇನ್ನೊಂದು ಚೂಪು. ಮೊದಲು ಒಂದೇ ಉಚ್ಚಾರಕ್ಕೆ ಹಲವು ಹಿರಗನ ಆಕಾರ ಇದ್ದವು. 1900ರಲ್ಲಿ ಶಾಲೆಗಳಿಗಾಗಿ ಒಂದೊಂದನ್ನೇ ಗೊತ್ತುಮಾಡಿದರು. ಹಳೆಯ ಆಕಾರಗಳನ್ನು ಈಗಲೂ ಸೊಬಾ ನೂಡಲ್ಸ್ ಹೋಟೆಲುಗಳ ಬೋರ್ಡಿನಲ್ಲಿ ನೋಡಬಹುದು.

ತುಂಗೆ ತೀರದವಳು:

ಮೈ ಜುಮ್ ಅಂದಿತು ಸರ್! ಇಷ್ಟು ಹತ್ತಿರದ ನಂಟು ಇದೆ ಅಂತ ಯಾರೂ ಹೇಳಿರಲಿಲ್ಲ. ಸಾಲುಗಳು ಈಗ ತಾನಾಗಿ ಬಾಯಿಗೆ ಬರುತ್ತಿವೆ.

ಬಿಡದಿ ಶಿಫ್ಟ್:

ದಕುತೆನ್ ವಿಷಯ ಬಂತಲ್ಲ, ಒಂದು ಸೇರಿಸುತ್ತೇನೆ. ತೊಯೊತ ಕಂಪನಿ ಕಟ್ಟಿದ ಮನೆತನದ ಹೆಸರು ತೊಯೊದ. 1936ರಲ್ಲಿ ಕಾರಿಗೆ ತೊಯೊತ ಅನ್ನುವ ಹೆಸರು ಆರಿಸಿಕೊಂಡರು. ಕತಕನದಲ್ಲಿ ಬರೆದರೆ ಎಂಟು ಗೀಟು, ತೊಯೊದ ಆದರೆ ಗೀಟು ಹತ್ತು. ಎಂಟು ಅಲ್ಲಿ ಶುಭದ ಸಂಖ್ಯೆ, ಮೇಲಾಗಿ ದಕುತೆನ್ ಇಲ್ಲದ್ದು ನೋಡಲು, ಕೇಳಲು ಹಗುರ. ತೊ ಎರಡು, ಯೊ ಮೂರು, ತ ಮೂರು. ಎಣಿಸಿಕೊಂಡು ಬರೆದು ನೋಡಿ, ಮೂರು ಕತಕನ ಅಕ್ಷರ ಬಂದೇಬಿಟ್ಟವು.

ತುಂಗೆ ತೀರದವಳು:

ಹಿರಗನ ಈಗ ನಿಧಾನಕ್ಕೆ ಓದಬಲ್ಲೆ. ಕತಕನದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಶಿ, ತ್ಸು, ಸೊ, ನ್ ನಾಲ್ಕೂ ನನಗೆ ಒಂದೇ ಥರ ಕಾಣುತ್ತವೆ. ಏನು ಮಾಡಲಿ?

ಹಮಮತ್ಸು ಹುಡುಗ:

ಎಲ್ಲರೂ ಎಡವುವ ಜಾಗ ಅದು. ಕಣ್ಣಿನಿಂದ ಬಿಡಿಸಲು ಹೋಗಬೇಡಿ, ಕೈಯಿಂದ ಬಿಡಿಸಿ. 'ಶಿ' ಮತ್ತು 'ನ್' ಬರೆಯುವಾಗ ಸಣ್ಣ ಗೀಟುಗಳು ಎಡಬದಿಗೆ ಒರಗಿ ಮಲಗಿರುತ್ತವೆ, ಉದ್ದ ಗೀಟನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. 'ತ್ಸು' ಮತ್ತು 'ಸೊ' ಬರೆಯುವಾಗ ಸಣ್ಣ ಗೀಟುಗಳು ಮೇಲಿನ ಅಂಚಿನಿಂದ ನೇತಾಡುತ್ತವೆ, ಉದ್ದ ಗೀಟು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಶಿ, ತ್ಸುಗಳಿಗೆ ಸಣ್ಣ ಗೀಟು ಎರಡು. ನ್, ಸೊಗಳಿಗೆ ಒಂದು. ದೊಡ್ಡದಾಗಿ, ಗೀಟಿನ ಕ್ರಮ ತಪ್ಪದೆ ಬರೆಯಿರಿ. ಕೈ ಯಾವ ಕಡೆ ಎಳೆದಿದೆ ಅನ್ನುವುದು ಆಮೇಲೆ ಕಣ್ಣಿಗೂ ಕಾಣಲು ಶುರುವಾಗುತ್ತದೆ. ಅಚ್ಚಿನಲ್ಲೂ ಗೀಟಿನ ದಪ್ಪ ತುದಿ, ಚೂಪು ತುದಿ ಅದನ್ನೇ ಹೇಳುತ್ತವೆ.

ಅಭ್ಯಾಸಕ್ಕೆ ಕತಕನದ ಸಾಮಾನು ಬೇಕಾದರೆ ಬೈಕು ಕಾರಿನ ಹೆಸರು ಹಿಡಿಯಿರಿ. ನಾನಿರುವ ಈ ಹಮಮತ್ಸುವಿನಲ್ಲೇ ಸುಜ಼ುಕಿ ಕಂಪನಿಯ ಮುಖ್ಯ ಕಚೇರಿ ಇರುವುದು, ಬೈಕು ಮಾಡುವ ಯಮಹದ್ದು ಪಕ್ಕದ ಇವತ ಊರಲ್ಲಿ. 1948ರಲ್ಲಿ ಹೊಂದ ಕಂಪನಿ ಶುರುವಾದದ್ದೂ ಇಲ್ಲೇ. ಎಲ್ಲವನ್ನೂ ಕತಕನದಲ್ಲೂ ಬರೆಯುತ್ತಾರೆ.

ಊರು ಬಿಟ್ಟವ:

ಜೆಎಲ್‌ಪಿಟಿಯಲ್ಲಿ ಬರೆಯುವುದೇ ಇಲ್ಲವಲ್ಲ, ಎಲ್ಲ ಆಯ್ಕೆ ಪ್ರಶ್ನೆ. ಗೀಟಿನ ಕ್ರಮ ಕಲಿಯುತ್ತಾ ಕೂರುವುದು ಸಮಯ ಹಾಳು ಅಲ್ವಾ? ಈಗ ಜಪಾನಿಯರೇ ಟೈಪ್ ಮಾಡಿ ಮಾಡಿ ಕೈಯಲ್ಲಿ ಬರೆಯುವುದು ಮರೆಯುತ್ತಿದ್ದಾರೆ.

ಸಪ್ಪೊರೊ ಸಿಸ್ಟರ್:

ಪರೀಕ್ಷೆಯ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಎರಡು ಕನಗಳನ್ನಾದರೂ ಕೈಯಲ್ಲಿ ಬರೆದೇ ಕಲಿಯಬೇಕು. ಇಲ್ಲಿ ಎಷ್ಟೋ ದಾಖಲೆ ಟ್ಯಾಬ್ಲೆಟ್ಟಿಗೆ ಬಂದಿದೆ ನಿಜ. ಹಾಗಿದ್ದರೂ ಫೋನಿನ ಪಕ್ಕದಲ್ಲಿ ಅಂಟಿಸಿದ ಚೀಟಿ, ಹಿರಿಯ ಸಿಬ್ಬಂದಿ ಬರೆದುಕೊಟ್ಟ ಸೂಚನೆ ಕೈಬರಹದಲ್ಲೇ ಇರುತ್ತವೆ. ಗೀಟಿನ ಕ್ರಮ ಗೊತ್ತಿದ್ದರೆ ಅವಸರದ ಕೈಬರಹ ಓದಬಹುದು, ಯಾಕೆಂದರೆ ಪೆನ್ನು ಎತ್ತದೆ ಬರೆದಾಗ ಅಕ್ಷರ ಕರಗುವುದು ಆ ಕ್ರಮದಲ್ಲೇ.

ಇನ್ನೊಂದು. 'ಕಿ' ಮತ್ತು 'ಸ' ಹಿರಗನ ಅಚ್ಚಿನಲ್ಲಿ ಒಂದು ಥರ, ಕೈಯಲ್ಲಿ ಒಂದು ಥರ. ಅಚ್ಚಿನಲ್ಲಿ ಕೆಳಗಿನ ಬಾಗು ಅಂಟಿಕೊಂಡಿರುತ್ತದೆ, ಕೈಯಲ್ಲಿ ಬಿಟ್ಟು ಬರೆಯುತ್ತಾರೆ. ಕಂಪ್ಯೂಟರ್ ನೋಡಿ ಕಲಿತವರಿಗೆ ಇದು ಬೇರೆ ಅಕ್ಷರವೇ ಅನ್ನಿಸುತ್ತದೆ. ಶಾಲೆಯ ಪಠ್ಯಪುಸ್ತಕದ ಫಾಂಟಿನಲ್ಲಿರುವ ಚಾರ್ಟ್ ಹುಡುಕಿ ಇಟ್ಟುಕೋ ತಂಗಿ.

ಹಮಮತ್ಸು ಹುಡುಗ:

ಟೈಪ್ ಮಾಡುವುದಕ್ಕೂ ರೋಮನ್ ಬೇಕೇ ಬೇಕು ಅಂತೇನಿಲ್ಲ. ಫೋನಿನಲ್ಲಿ ಫ್ಲಿಕ್ ಕೀಬೋರ್ಡ್ ಹಾಕಿಕೊಳ್ಳಿ. ಕ ಕೀಲಿಯನ್ನು ಒತ್ತಿದರೆ ಕ, ಎಡಕ್ಕೆ ಸರಿಸಿದರೆ ಕಿ, ಮೇಲಕ್ಕೆ ಕು, ಬಲಕ್ಕೆ ಕೆ, ಕೆಳಕ್ಕೆ ಕೊ. ವ ಸಾಲು ಬಿಟ್ಟರೆ ಉಳಿದ ಸಾಲಿಗೂ ಇದೇ ದಿಕ್ಕು. ಅಕ್ಷರದಲ್ಲಿ ಇಲ್ಲದ ಕಾಗುಣಿತ ಕೀಬೋರ್ಡಿನಲ್ಲಿದೆ! ಇಲ್ಲಿನ ಹುಡುಗರು ಹೀಗೇ ಟೈಪ್ ಮಾಡುತ್ತಾರೆ.

ಬೆರಗಿನ ಕಣ್ಣು:

ಎಲ್ಲ ಓದುತ್ತಿದ್ದೇನೆ, ಒಂದು ಪ್ರಶ್ನೆ. ಹಿರಗನದಲ್ಲೇ ಎಲ್ಲ ಬರೆಯಬಹುದು ಅಂದಮೇಲೆ ಕಂಜಿ ಯಾಕೆ ಬಿಡುವುದಿಲ್ಲ?

ಬಸವನಗುಡಿ ಟೀಚರ್:

ಬರೆಯಬಹುದು, ಪುಟ್ಟ ಮಕ್ಕಳ ಪುಸ್ತಕ ಹಾಗೇ ಇರುತ್ತದೆ. ಆದರೆ ದೊಡ್ಡವರ ಬರಹದಲ್ಲಿ ಪದಗಳ ಮಧ್ಯೆ ಜಾಗ ಬಿಡುವುದಿಲ್ಲ. ಒಂದೊಂದು ಪದ ಎಲ್ಲಿ ಶುರು ಆಗುತ್ತದೆ ಎಂದು ತೋರಿಸುವುದು ಕಂಜಿಯೇ. ಮತ್ತೆ ಉಚ್ಚಾರ ಕಡಿಮೆ ಇರುವ ಭಾಷೆಯಲ್ಲಿ ಒಂದೇ ಥರ ಕೇಳುವ ಪದ ಜಾಸ್ತಿ. 'ಹಶಿ' ಅಂದರೆ ಸೇತುವೆ, ಊಟದ ಕಡ್ಡಿ, ಅಂಚು, ಮೂರೂ ಹೌದು. ಮಾತಿನಲ್ಲಿ ದನಿಯ ಏರಿಳಿತ, ಸಂದರ್ಭ ಸಹಾಯಕ್ಕೆ ಬರುತ್ತವೆ. ಬರಹದಲ್ಲಿ ಬೇರೆ ಬೇರೆ ಕಂಜಿ. ರೂಢಿಯಾದವರಿಗೆ ಕಂಜಿ ಇರುವ ಸಾಲು ಓದುವುದೇ ಸುಲಭ, ಬರೀ ಹಿರಗನ ಓದುವುದು ಕಷ್ಟ.

ತುಂಗೆ ತೀರದವಳು:

ಟೀಚರ್, ಕಂಜಿಗೆ ಹೇಗೆ ಕೈ ಹಾಕಲಿ? 2000ಕ್ಕೂ ಜಾಸ್ತಿ ಇವೆ ಅಂತ ಕೇಳಿ ನಿದ್ದೆ ಬರುತ್ತಿಲ್ಲ. ಒಂದೊಂದಕ್ಕೂ ಎರಡು ಮೂರು ಉಚ್ಚಾರ ಬೇರೆ.

ಬಸವನಗುಡಿ ಟೀಚರ್:

ದಿನಬಳಕೆಯ ಕಂಜಿ ಅಂತ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಇವೆ. ಅದರಲ್ಲಿ 1026 ಅನ್ನು ಅಲ್ಲಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ ಕಲಿಯುತ್ತಾರೆ. ಒಂದನೇ ತರಗತಿಗೆ 80, ಎರಡಕ್ಕೆ 160. ಆ ಭಾಷೆಯಲ್ಲೇ ಹುಟ್ಟಿದ ಮಕ್ಕಳಿಗೇ ಅಷ್ಟು ಸಮಯ ಕೊಟ್ಟಿದ್ದಾರೆ. ನೀವು ಮೊದಲು ಆ 80ರಿಂದ ಶುರು ಮಾಡಿ. ಅಂಕಿ, ಬೆಟ್ಟ, ನದಿ, ಬಾಯಿ, ಕೈ, ಕಾಲು, ನೀರು, ಬೆಂಕಿ, ದೊಡ್ಡ, ಚಿಕ್ಕ ಎಲ್ಲ ಅದರಲ್ಲಿವೆ.

ಎರಡೆರಡು ಉಚ್ಚಾರದ ಬಗ್ಗೆ ಕನ್ನಡದವರು ಗಾಬರಿ ಆಗಬೇಕಿಲ್ಲ. ನಾವು ಕುಡಿಯಲು ನೀರು ಕೇಳುತ್ತೇವೆ, ಆದರೆ ಜಲಾಶಯ, ಜಲಚರ ಅನ್ನುತ್ತೇವೆ. ನೀರು ಮನೆಯ ಪದ, ಜಲ ಸಂಸ್ಕೃತದಿಂದ ಬಂದದ್ದು. ಬೇರೆ ಪದದ ಜೊತೆ ಸೇರುವಾಗ ಜಲ ಮುಂದೆ ಬರುತ್ತದೆ. ನೀರಿಗೆ ಒಂದೇ ಚಿತ್ರಾಕ್ಷರ ಇದ್ದು, ಒಂಟಿಯಾಗಿದ್ದಾಗ 'ನೀರು' ಎಂದೂ ಸಮಾಸದಲ್ಲಿ 'ಜಲ' ಎಂದೂ ಓದುವ ಪದ್ಧತಿ ಇದ್ದಿದ್ದರೆ ಹೇಗಿರುತ್ತಿತ್ತು? ಕಂಜಿ ಹಾಗೇ ನಡೆಯುತ್ತದೆ. ಒಂಟಿಯಾಗಿದ್ದರೆ 'ಮಿಜ಼ು', ಅದು ಜಪಾನಿಯ ಸ್ವಂತ ಪದ. ನಲ್ಲಿ ನೀರಿನ ವ್ಯವಸ್ಥೆಗೆ 'ಸುಇದೋ', ಇಲ್ಲಿ 'ಸುಇ' ಚೀನಾದಿಂದ ಬಂದ ಉಚ್ಚಾರ. ಹಾಗಾಗಿ ಒಂದೊಂದು ಅಕ್ಷರದ ಉಚ್ಚಾರಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ಪದಗಳನ್ನು ಕಲಿಯಿರಿ, ಉಚ್ಚಾರ ಪದದ ಜೊತೆಗೇ ಬರುತ್ತದೆ. ಕಂಜಿಯ ಮೇಲೆ ಸಣ್ಣ ಹಿರಗನದಲ್ಲಿ ಉಚ್ಚಾರ ಬರೆದಿರುವುದಕ್ಕೆ ಫ಼ುರಿಗನ ಅನ್ನುತ್ತಾರೆ, ಕಲಿಯುವವರ ಪುಸ್ತಕಗಳಲ್ಲಿ ಇರುತ್ತದೆ. ಹಿರಗನ ಗಟ್ಟಿ ಇದ್ದರೆ ಅದೇ ನಿಮಗೆ ಕೈ ಹಿಡಿದು ಓದಿಸುತ್ತದೆ.

ಸಪ್ಪೊರೊ ಸಿಸ್ಟರ್:

80 ಆದಮೇಲೆ ನಮ್ಮ ಕೆಲಸದ ಕಂಜಿಗಳಿಗೆ ಬಾ ತಂಗಿ. ಅವನ್ನು ಒಳಗಿನ ಭಾಗಗಳಿಂದ ಗುಂಪು ಮಾಡಿ ಕಲಿತರೆ ಬೇಗ ಹತ್ತುತ್ತವೆ. ಒಂದು ಸೂರು, ಅದರ ಎಡಗೋಡೆಗೆ ಎರಡು ಸಣ್ಣ ಗೀಟು, ಇಂಥ ಆಕಾರ ಕಂಡರೆ ಅದು ಕಾಯಿಲೆಯ ಗುಂಪು. ಅದಕ್ಕೆ 'ಯಮಇದರೆ' ಅಂತ ಹೆಸರು. ರೋಗ, ನೋವು, ಸುಸ್ತು, ರೋಗಲಕ್ಷಣ ಎಲ್ಲ ಪದಗಳಲ್ಲೂ ಆ ಸೂರು ಇದೆ. ಎಡಗಡೆ ಚಂದ್ರನ ಅಕ್ಷರದಂತೆ ಕಾಣುವ ಭಾಗ ಇದ್ದರೆ ಸಾಮಾನ್ಯವಾಗಿ ದೇಹದ ಅಂಗ. ತೋಳು, ಸೊಂಟ, ಎದೆ, ಹೊಟ್ಟೆ, ಶ್ವಾಸಕೋಶ, ಮೆದುಳು. ಅದು ನಿಜವಾಗಿ ಮಾಂಸ ಅನ್ನುವ ಅಕ್ಷರದ ಸವೆದ ರೂಪ. ಎಡಗಡೆ ಮೂರು ಹನಿ ಬಿದ್ದಂತಿದ್ದರೆ ನೀರಿಗೆ ಸಂಬಂಧಿಸಿದ್ದು. ತೊಳೆಯುವುದು, ಸ್ನಾನ, ಬೆವರು, ದ್ರವ. ಔಷಧಿಯ ಕಂಜಿ 'ಕುಸುರಿ'ಯ ತಲೆಯ ಮೇಲೆ ಹುಲ್ಲಿನ ಗುರುತು ಇದೆ, ಗಿಡಮೂಲಿಕೆಯಿಂದ ಬಂದದ್ದಲ್ವಾ.

ನರ್ಸಿಂಗ್ ಓದಿದವಳಿಗೆ ಈ ಪದಗಳ ಹಿಂದಿನ ವಿಷಯ ಮೊದಲೇ ಗೊತ್ತು. ಹೊಸ ಪದ ಬಂದಾಗ ಪೂರ್ತಿ ಓದಲು ಬಾರದಿದ್ದರೂ ಇದು ಅಂಗದ ಹೆಸರು, ಇದು ಕಾಯಿಲೆ ಅಂತ ಹೇಳಬಲ್ಲೆ. ಹೊಸ ಸಿಬ್ಬಂದಿಗೆ ಅದೇ ದೊಡ್ಡ ಧೈರ್ಯ.

ಕತಕನವನ್ನೂ ಬಿಡಬೇಡ. ಆರೈಕೆ ಕೇಂದ್ರದಲ್ಲಿ ಅದು ಎಲ್ಲೆಲ್ಲೂ ಇದೆ. 'ಬೆದ್ದೊ', 'ಶೀತ್ಸು', 'ತೊಇರೆ', 'ಹೆರುಪಾ', 'ನಾಸು ಕೋರು', 'ರಿಹಬಿರಿ'. ಜೋರಾಗಿ ಓದು, ಹಾಸಿಗೆ, ಶೀಟು, ಟಾಯ್ಲೆಟ್ಟು, ಹೆಲ್ಪರ್ರು, ನರ್ಸ್ ಕಾಲು, ರಿಹ್ಯಾಬಿಲಿಟೇಷನ್ನು ಎಂದು ನಿನಗೇ ಹೊಳೆಯುತ್ತದೆ. ಇಂಗ್ಲಿಷ್ ಪದಕ್ಕೆ 'ಉ' ಹಚ್ಚುವುದು ನಮಗೂ ಹೊಸದಲ್ಲ, ಬಸ್ಸು, ಕಾರು, ಬ್ಯಾಂಕು ಅನ್ನುವವರು ನಾವು.

ತುಂಗೆ ತೀರದವಳು:

ಅಕ್ಕ, ಟೀಚರ್, ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಕೊನೆಯದೊಂದು. ಅರ್ಜಿಯಲ್ಲಿ ಹೆಸರನ್ನು ಕತಕನದಲ್ಲಿ ಬರೆಯಲು ಜಾಗ ಇದೆ. ನಮ್ಮ ಹೆಸರುಗಳಲ್ಲಿ ಲ, ಳ, ವ, ಒತ್ತಕ್ಷರ ಎಲ್ಲ ಇರುತ್ತವಲ್ಲ. ಹೇಗೆ ಬರೆಯುವುದು?

ಹಮಮತ್ಸು ಹುಡುಗ:

ಲ, ಳ, ರ ಮೂರೂ ರ ಸಾಲಿಗೇ ಹೋಗುತ್ತವೆ. ಲತಾ ಅಲ್ಲಿ 'ರತಾ'. ಟ, ಡ ಇಲ್ಲ, ತ, ದ ಬರೆಯಬೇಕು. ಮಹಾಪ್ರಾಣ ಇಲ್ಲ, ರಾಧಾ 'ರಾದಾ' ಆಗುತ್ತದೆ. ಒತ್ತಕ್ಷರ ಬಿಡಿಯಾಗುತ್ತದೆ, ಲಕ್ಷ್ಮಿ 'ರಕುಶುಮೀ'. ವ ಬಂದಾಗ ಎರಡು ದಾರಿ. 'ಉ'ಗೆ ದಕುತೆನ್ ಹಾಕಿ ಮಾಡಿದ ವಿಶೇಷ ಅಕ್ಷರ ಬಳಸಬಹುದು, ಇಲ್ಲವೇ ಬ ಸಾಲಿನಲ್ಲಿ ಬರೆಯಬಹುದು. ಕಾವ್ಯ ಅನ್ನುವವರು 'ಕಾವಿಯಾ' ಎಂದೂ ಬರೆಯಬಹುದು, 'ಕಾಬಿಯಾ' ಎಂದೂ ಬರೆಯಬಹುದು. ದೀರ್ಘದ ಗೆರೆ ಎಲ್ಲಿ ಹಾಕಬೇಕು ಅನ್ನುವುದೂ ನಿಮ್ಮ ಕೈಯಲ್ಲೇ ಇದೆ.

ಯಾವುದನ್ನು ಆರಿಸಿದರೂ ಅದನ್ನೇ ಕೊನೆವರೆಗೆ ಹಿಡಿಯಿರಿ. ನಿವಾಸಿ ಕಾರ್ಡಿನಲ್ಲಿ ಪಾಸ್‌ಪೋರ್ಟಿನ ಹಾಗೆ ಇಂಗ್ಲಿಷ್ ಅಕ್ಷರದ ಹೆಸರು ಇರುತ್ತದೆ. ಆದರೆ ಬ್ಯಾಂಕಿನಲ್ಲಿ ಹಣ ಹಾಕುವಾಗ ನೋಡುವುದು ಕತಕನದ ಹೆಸರು. ಸಂಬಳ ಹಾಕುವ ಆಫೀಸಿಗೆ ಒಂದು ಥರ, ಬ್ಯಾಂಕಿಗೆ ಇನ್ನೊಂದು ಥರ ಕೊಟ್ಟರೆ ಒಂದು ಗೆರೆಯ ವ್ಯತ್ಯಾಸಕ್ಕೂ ಹಣ ವಾಪಸ್ ಹೋಗಬಹುದು. ಅರ್ಜಿಯಲ್ಲಿ ಬರೆದ ಕೂಡಲೇ ಅದರ ಫೋಟೋ ತೆಗೆದು ಇಟ್ಟುಕೊಳ್ಳಿ. ಬ್ಯಾಂಕು, ಫೋನು, ವಿಮೆ ಎಲ್ಲ ಕಡೆಗೂ ಅದನ್ನೇ ನೋಡಿಕೊಂಡು ಬರೆಯಿರಿ.